ಐವತ್ತೊಂಬತ್ತನೆಯ ಮನೆ

ಮಂಗಳವಾರ, ಹದಿನಾಲ್ಕನೇ ತಾರೀಖು
ಲ್ಯಾಬಿನ ಹಿಂದಿನ ಮೆಟ್ಟಿಲು, ಊಟದ ಬಿಡುವು

ಅಕ್ಕಾ,

‘ಪ್ರೀತಿಯ’ ಅಂತ ಬರೆದು ಹೊಡೆದುಹಾಕಿದ್ದೇನೆ. ಗೀಚಿದ ಗುರುತು ಕಾಣುತ್ತದೆ, ಆದರೂ ಹಾಳೆ ಬದಲಾಯಿಸಲಿಲ್ಲ. ಆ ಪದವನ್ನು ನಾನು ನಿನಗೆ ಬರೆಯಬಹುದೋ ಬಾರದೋ, ಇನ್ನು ಮೇಲೆ ನೀನೇ ಹೇಳಬೇಕು.

ಹಿಂದೆ ಕಳಿಸಿದ ಮೂರು ಕಾಗದವೂ ಒಡೆಯದೆಯೇ ವಾಪಸ್ಸು ಬಂದವು. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಅದಕ್ಕೇ ಇದನ್ನು ವಿಶ್ವವಿದ್ಯಾಲಯದ ಮೇಡಂ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವ ತನಕ ಶೆಡ್ಡಿನ ಬಾಗಿಲು ಬಿಟ್ಟು ಕದಲುವುದಿಲ್ಲ ಎಂದು ಅವರು ಮಾತು ಕೊಟ್ಟಿದ್ದಾರೆ. ಅವರಿಗೆ ಮಂಡಿನೋವು, ಕೂರಲು ಏನಾದರೂ ಕೊಡು.

ಸುತ್ತಿ ಬಳಸಿ ಹೇಳುವುದಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ವಸತಿ ಕಚೇರಿಯಲ್ಲಿ ವಿಚಾರಣೆ. ನಮ್ಮ ಓಣಿಯ ಸಂಘ ಮಾಡಿರುವ ಮನೆಪಟ್ಟಿ ರದ್ದಾಗಬೇಕು ಎನ್ನುವ ಅರ್ಜಿ ನಿನ್ನ ಹೆಸರಿನಲ್ಲಿದೆ. ನೀನು ಹೋಗಿ ನಿಲ್ಲದಿದ್ದರೆ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ಬಿದ್ದರೆ ಮೂವತ್ತೊಂದು ಮನೆಯವರು ಆ ತಗಡಿನ ಶೆಡ್ಡಿನಲ್ಲೇ ಉಳಿಯುತ್ತಾರೆ, ಮುಂದಿನ ತಿಂಗಳು ಹೊಸ ಕಟ್ಟಡದ ಬೀಗದ ಕೈ ಮಿಕ್ಕವರಿಗೆ ಹಂಚಿಹೋಗುತ್ತದೆ. ನೀನು ಬರುವುದಿಲ್ಲ ಅಂದೆಯಂತೆ. “ಸಾಕಾಗಿದೆ ಮೇಡಂ. ಇನ್ನೂ ಎಷ್ಟು ಡಬ್ಬಿಗೆ ಉಗುಳಿ ನಾನೂ ಮನುಷ್ಯಳೇ ಅನ್ನಿಸ್ಕೋಬೇಕು?” ಅಂದೆಯಂತೆ. ಮೇಡಂ ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಗೋಡೆ ನೋಡಿದರು.

ಕ್ಷಮಿಸು ಅಂತ ಕೇಳಲು ಬರೆಯುತ್ತಿಲ್ಲ. ಶುಕ್ರವಾರ ಬಾ ಅಂತ ಕೇಳಲು ಬರೆಯುತ್ತಿದ್ದೇನೆ. ಈ ಕಾಗದವನ್ನು ಅಧಿಕಾರಿಯ ಮುಂದೆ ಓದಬೇಕಾಗಿ ಬಂದರೂ ಬರಬಹುದು, ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ಇವಳ ಪಿಟೀಲು ಶುರುವಾಯಿತು ಅಂತ ಬೇಜಾರಾಗಬೇಡ. ಆ ಹೆಸರು ಇಟ್ಟವಳೇ ನೀನು. ಒಂಬತ್ತನೇ ಕ್ಲಾಸಿನಲ್ಲಿ ನಿನ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು ಡೈನೋಸಾರ್ ಹೇಗೆ ಸತ್ತವು ಅಂತ ಎರಡು ಗಂಟೆ ಕೊರೆದಿದ್ದೆ. ನೀನು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, “ಲೇ ಪಿಟೀಲು, ಅವು ನಿನ್ನ ಕುಯ್ತ ತಡೀಲಾರದೆ ಸತ್ತಿದ್ದು ಕಣೇ” ಅಂದಿದ್ದೆ.

ನಮ್ಮ ಓಣಿಯಲ್ಲಿ ಎಂಬತ್ತೊಂಬತ್ತು ಮನೆ. ಎಲ್ಲವೂ ಬಣ್ಣದ ಕಾರ್ಖಾನೆಯವರು ತಮ್ಮ ಕೆಲಸಗಾರರಿಗೆ ಕಟ್ಟಿಸಿದ್ದು. ಕಾರ್ಖಾನೆ ಮುಚ್ಚಿ ಹದಿನೈದು ವರ್ಷವಾದರೂ ಚರಂಡಿ ಕಲ್ಲು ಇನ್ನೂ ನೀಲಿ. ಆ ಎಂಬತ್ತೊಂಬತ್ತರಲ್ಲಿ ಕೆಲವರು ‘ಇದ್ದೋರು’, ಕೆಲವರು ‘ಬಂದೋರು’. ಇದ್ದೋರು ಅಂದರೆ ಕಾರ್ಖಾನೆಗೂ ಮೊದಲು ಇದೇ ನೆಲದಲ್ಲಿ ಇದ್ದವರಂತೆ. ಬಂದೋರು ಅಂದರೆ ನಾಲ್ಕು ತಲೆಮಾರಿನ ಹಿಂದೆ ದೋಣಿಯಲ್ಲಿ ಕೂಲಿಗೆ ಬಂದವರಂತೆ. ಯಾರು ಯಾವುದು ಅಂತ ಬರೆದಿಟ್ಟ ಒಂದು ಚೀಟಿಯೂ ಇಲ್ಲ. ಮೂಗು ನೋಡಿ, ಮೈಬಣ್ಣ ನೋಡಿ, ಜಗಳ ಬಂದಾಗ ಬಾಯಿಗೆ ಸಿಕ್ಕಿದ್ದು. ನಲ್ಲಿ ಹತ್ತಿರ ಕೊಡ ಮುಂದೆ ಇಟ್ಟರೆ ಬಂದೋರು, ಕೊಡ ಹಿಂದೆ ಇಟ್ಟು ಹಲ್ಲು ಕಿರಿದರೆ ನಮ್ಮೋರೇ ಪಾಪ.

ನಾನು ಆಗ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟ್ಯೂಬಿಗೆ ಚೀಟಿ ಅಂಟಿಸುವ ಕೆಲಸದಲ್ಲಿದ್ದೆ. ಮನೆಗೆ ಬಂದರೆ ಫೋನು. ‘ಮೂಳೆಗಳು ಮಾತಾಡುತ್ತವೆ’ ಅಂತ ನಮ್ಮ ಗ್ರೂಪು, ನಾಲ್ಕು ಸಾವಿರ ಜನ. ಹಳೇ ಮೂಳೆಯೊಳಗಿನ ಡಿಎನ್ಎ ಓದುವವರ ಸುದ್ದಿ, ಮನುಷ್ಯರು ಎಲ್ಲಿಂದ ಎಲ್ಲಿಗೆ ನಡೆದರು ಅನ್ನುವ ನಕ್ಷೆ, ಅದರ ಕೆಳಗೆ ನೂರು ಕಾಮೆಂಟು. ನಾನು ಅಡ್ಮಿನ್ ಆದ ದಿನ ನಿನಗೆ ಟೀ ಕೊಡಿಸಿದ್ದು ನೆನಪಿದೆಯಾ? ಅಲ್ಲಿ ಕಲಿತದ್ದನ್ನೆಲ್ಲ ತಂದು ನಿನ್ನ ಕಿವಿಗೆ ಸುರಿಯುತ್ತಿದ್ದೆ. ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ಡಿಎನ್ಎಯಲ್ಲಿ ಸಾವಿರ ಅಕ್ಷರಕ್ಕೆ ಒಂದೇ ಅಕ್ಷರ ಬೇರೆ. ಆ ಒಂದರ ಬಹುಪಾಲು ಒಂದೇ ಓಣಿಯೊಳಗೇ ಸಿಗುತ್ತದೆ, ಓಣಿಗೂ ಓಣಿಗೂ ನಡುವೆ ಅಲ್ಲ. ಮೈಬಣ್ಣ ಕೆಲವೇ ಜೀನುಗಳ ಆಟ, ಬಿಸಿಲು ಎಷ್ಟು ಅನ್ನುವುದರ ಮೇಲೆ ಬದಲಾದದ್ದು. ಜನ ಆಫ್ರಿಕಾದಿಂದ ಹೊರಟವರು ಒಂದೇ ದಾರಿ ಹಿಡಿದು ಹೋಗಲಿಲ್ಲ. ಹೋದರು, ನಿಂತರು, ಕೆಲವರು ವಾಪಸ್ಸೂ ಬಂದರು, ಹೋದಲ್ಲೆಲ್ಲ ಇನ್ನೊಬ್ಬರ ಜೊತೆ ಸಂಸಾರ ಮಾಡಿದರು. ಹಾಗೆ ನೋಡಿದರೆ ಭೂಮಿ ಮೇಲೆ ಇದ್ದೋರು ಅನ್ನುವವರೇ ಇಲ್ಲ, ಎಲ್ಲರೂ ಬಂದೋರೇ. ಇದನ್ನು ಕೇಳಿದಾಗ ನೀನು ಕತ್ತರಿ ಕೆಳಗಿಟ್ಟು, “ಈ ಮಾತನ್ನ ನಮ್ಮ ಸೆಕ್ರೆಟರಿ ಹಣೆ ಮೇಲೆ ಬರೀಬೇಕು ನೋಡು” ಅಂದೆ. ಅವತ್ತೇ ನನ್ನ ತಲೆಗೆ ಹುಳ ಹೊಕ್ಕಿದ್ದು.

ಅದೇ ಹೊತ್ತಿಗೆ ವಿಶ್ವವಿದ್ಯಾಲಯದ ಮೇಡಂ ನಮ್ಮ ಲ್ಯಾಬಿಗೆ ಬಂದರು. ಹಳೇ ಕಾರ್ಖಾನೆ ಓಣಿಗಳ ಜನರ ಎಂಜಲು ಸಂಗ್ರಹಿಸಿ, ಇಲ್ಲಿಗೆ ಯಾವ ಯಾವ ಕಡೆಯಿಂದ ಜನ ಸೇರಿದರು ಅಂತ ಓದುವ ಕೆಲಸ ಅವರದು. ನಾನು ಕಾಲಿಗೆ ಬೀಳುವುದೊಂದು ಬಾಕಿ, ಸಹಾಯಕಿಯಾಗಿ ಸೇರಿಕೊಂಡೆ. ನಮ್ಮ ಓಣಿಯನ್ನೂ ಸೇರಿಸಿ ಅಂತ ದುಂಬಾಲು ಬಿದ್ದವಳು ನಾನೇ.

ಜನ ಸುಮ್ಮನೆ ಉಗುಳಿಕೊಡಲಿಲ್ಲ. ಸಂಘದ ಮೀಟಿಂಗ್ ಹಾಲಿನಲ್ಲಿ ಡಬ್ಬಿ ಜೋಡಿಸಿಕೊಂಡು ಕೂತಿದ್ದೆ, ಒಂದು ಗಂಟೆ ಕಾದರೂ ಒಬ್ಬರೂ ಬರಲಿಲ್ಲ. ಆಮೇಲೆ ಬಂದವಳು ನೀನು. ಎಲ್ಲರೆದುರು ಡಬ್ಬಿ ತುಂಬಿಸಿ ಮುಚ್ಚಳ ತಿರುಗಿಸಿದೆ. “ನಮ್ಮ ಪಿಟೀಲು ಮಾಡ್ತಿರೋ ಕೆಲಸ. ಕೆಟ್ಟದ್ದಕ್ಕಂತೂ ಅಲ್ಲ” ಅಂದೆ. ಆಮೇಲೆ ನೀನೇ ಹೋಗಿ ಹನ್ನೊಂದು ಮನೆಯವರನ್ನು ಕರಕೊಂಡು ಬಂದೆ. ಇಸ್ತ್ರಿ ಅಜ್ಜ ಬಂದು, “ಹುಟ್ಟಿದಾಗಿಂದ ಬೀದೀಲಿ ಉಗುಳಬೇಡ ಉಗುಳಬೇಡ ಅಂತಿದ್ರಿ, ಈಗ ನೀವೇ ಡಬ್ಬಿ ಹಿಡ್ಕೊಂಡು ಬೇಡ್ತಾ ಇದೀರಲ್ಲಮ್ಮ” ಅಂದಾಗ ಹಾಲಿನಲ್ಲಿದ್ದವರೆಲ್ಲ ನಕ್ಕರು. ಸಾಯಂಕಾಲದ ಹೊತ್ತಿಗೆ ಇನ್ನೂರ ಹನ್ನೆರಡು ಡಬ್ಬಿ. ಅವರೆಲ್ಲ ನನ್ನನ್ನು ನಂಬಿ ಕೊಟ್ಟದ್ದಲ್ಲ ಅಕ್ಕಾ, ನಿನ್ನನ್ನು ನಂಬಿ ಕೊಟ್ಟದ್ದು.

ಡಬ್ಬಿ ಮೇಲೆ ಹೆಸರು ಇರಲಿಲ್ಲ, ಬರೀ ನಂಬರು. ಯಾವ ನಂಬರು ಯಾರದು ಅನ್ನುವುದು ಒಂದೇ ಪುಸ್ತಕದಲ್ಲಿ, ಆ ಪುಸ್ತಕ ನನ್ನ ಬೀರುವಿನಲ್ಲಿ. ಬೀಗದ ಕೈ ಕೊಡುವಾಗ ಮೇಡಂ ಏನೂ ಭಾಷಣ ಮಾಡಲಿಲ್ಲ. ಇದು ಕಳೆದರೆ ನನ್ನ ಕೆಲಸವೂ ಹೋಯಿತು, ನಿನ್ನ ಕೆಲಸವೂ ಹೋಯಿತು ಅಂದರು, ಅಷ್ಟೇ. ಅದು ಕಳೆಯಲಿಲ್ಲ. ನಾನೇ ತೆರೆದೆ.

ಈಗ ಮುಖ್ಯವಾದದ್ದು. ಅಧಿಕಾರಿಗೆ ಇದು ಅರ್ಥವಾಗದಿದ್ದರೆ ಏನೂ ಅರ್ಥವಾಗುವುದಿಲ್ಲ. ಡಿಎನ್ಎ ಓದಿದ ಮೇಲೆ ಒಂದು ಪ್ರೋಗ್ರಾಮಿಗೆ ಹಾಕುತ್ತಾರೆ. ಪ್ರತಿಯೊಬ್ಬರಿಗೂ ಒಂದು ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ಬಣ್ಣಗಳು. ನೋಡುವವರಿಗೆ ಆ ಬಣ್ಣ ರಕ್ತದೊಳಗೇ ಇದ್ದ ಹಾಗೆ ಕಾಣುತ್ತದೆ. ಆದರೆ ಎಷ್ಟು ಬಣ್ಣ ಅಂತ ಪ್ರೋಗ್ರಾಮು ಕಂಡುಹಿಡಿಯುವುದಿಲ್ಲ, ಎಷ್ಟು ಗುಂಪು ಬೇಕು ಅಂತ ಮೊದಲೇ ನಾವು ಟೈಪ್ ಮಾಡಬೇಕು. ಎರಡು ಅಂದರೆ ಎಲ್ಲರನ್ನೂ ಎರಡರಲ್ಲಿ ಹಂಚುತ್ತದೆ. ಏಳು ಅಂದರೆ ಏಳು. ನಿನ್ನ ಗುಂಡಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಎರಡು ಬಟ್ಟಲಿಗೆ ಹಾಕು ಅಂದರೆ ನಾನು ಹಾಕುತ್ತೇನೆ. ದೊಡ್ಡದು ಸಣ್ಣದು ಅಂತಲೋ, ಕಪ್ಪು ಬಿಳಿ ಅಂತಲೋ, ಹೇಗೋ ಹಾಕುತ್ತೇನೆ. ಹಾಗಂತ ಲೋಕದಲ್ಲಿ ಎರಡೇ ಜಾತಿ ಗುಂಡಿ ಇವೆ ಅಂತಲ್ಲ. ಅದಕ್ಕೇ ಮೇಡಂ ಎರಡರಿಂದ ಏಳರ ತನಕ ಆರೂ ಬಗೆಯ ಪಟ್ಟಿಯನ್ನು ಒಂದರ ಕೆಳಗೊಂದು ಇಟ್ಟು ತೋರಿಸುತ್ತಾರೆ. ಒಂದನ್ನೇ ಕಿತ್ತು ತೋರಿಸಬಾರದು ಅನ್ನುವುದು ಅವರ ನಿಯಮ.

ನಾನು ಎರಡರದ್ದನ್ನೇ ಕಿತ್ತೆ.

ಯಾಕೆ ಅಂದರೆ ಅದು ಚೆನ್ನಾಗಿತ್ತು ಅಕ್ಕಾ! ನೀಲಿ ಮತ್ತು ಕಿತ್ತಳೆ. ಇನ್ನೂರ ಹನ್ನೆರಡು ಜನರಲ್ಲಿ ಒಬ್ಬರದ್ದೂ ಪೂರ್ತಿ ನೀಲಿ ಇಲ್ಲ, ಒಬ್ಬರದ್ದೂ ಪೂರ್ತಿ ಕಿತ್ತಳೆ ಇಲ್ಲ. ನೀಲಿ ಅತಿ ಹೆಚ್ಚು ಅಂದರೆ ನೂರಕ್ಕೆ ಎಪ್ಪತ್ತೊಂದು, ಅತಿ ಕಮ್ಮಿ ಅಂದರೆ ಮೂವತ್ತಮೂರು. ಅದೂ ಎಪ್ಪತ್ತೊಂದು ಯಾರದು ಹೇಳು? ಇಸ್ತ್ರಿ ಅಜ್ಜನದು. ಹುಟ್ಟಾ ಬಂದೋನು ಅಂತ ಇಡೀ ಓಣಿ ಆಡಿಕೊಳ್ಳುವ ಅಜ್ಜ. ಇದನ್ನು ಹಾಲಿನ ಗೋಡೆಗೆ ಹಾಕಿದರೆ ಜಗಳ ಮುಗಿಯಿತು ಅಂದುಕೊಂಡೆ. ನೋಡ್ರಪ್ಪ, ಎಲ್ಲರೊಳಗೂ ಎರಡೂ ಇದೆ, ಸಾಕು ಮಾಡಿ ಅನ್ನಬಹುದು. ಗ್ರೂಪಿನಲ್ಲಿ ಇಂಥದ್ದೊಂದು ಪಟ್ಟಿ ಹಾಕಿದರೆ ಚಪ್ಪಾಳೆ ಬೀಳುತ್ತದೆ. ಓಣಿಯಲ್ಲೂ ಬೀಳುತ್ತದೆ ಅಂದುಕೊಂಡೆ.

ಸಂಘದ ಸೆಕ್ರೆಟರಿಗೆ ಮೊದಲು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಬೈಯಲಿಲ್ಲ, ಅಲ್ಲಗಳೆಯಲಿಲ್ಲ. “ಬಲೇ ಕೆಲಸ ಮಾಡಿದೀಯಮ್ಮ” ಅಂದರು. ನಾನು ಉಬ್ಬಿಹೋದೆ. ಆಮೇಲೆ ಒಂದೊಂದಾಗಿ ಕೇಳಿದರು. ಇನ್ನೂರು ಪಟ್ಟಿ ಗೋಡೆಗೆ ಹಿಡಿಸಲ್ಲ, ಮನೆ ಯಾರ ಹೆಸರಲ್ಲಿದೆಯೋ ಅವರದ್ದೊಂದು ಹಾಕಿದರೆ ಸಾಕಲ್ಲವಾ? ಹಾಕಿದೆ. ಹೀಗೆ ಚೆಲ್ಲಾಪಿಲ್ಲಿ ಇದ್ದರೆ ಕಣ್ಣಿಗೆ ಹಿತವಿಲ್ಲ, ನೀಲಿ ಜಾಸ್ತಿ ಇರೋದರಿಂದ ಕಮ್ಮಿ ಇರೋದಕ್ಕೆ ಸಾಲಾಗಿ ಜೋಡಿಸೋಕೆ ಬರಲ್ಲವಾ? ಜೋಡಿಸಿದೆ. ಜನ ನಮ್ಮದು ಯಾವುದು ಅಂತ ಕೇಳೇ ಕೇಳ್ತಾರೆ, ಕೆಳಗೆ ಮನೆ ನಂಬರು ಬರೆಯೋಣವಾ? ಬೀರು ತೆರೆದು, ಪುಸ್ತಕ ನೋಡಿ, ಒಂದೊಂದೇ ಮನೆ ನಂಬರು ಟೈಪ್ ಮಾಡಿದೆ. ಅವರು ಪುಸ್ತಕ ಕೇಳಲಿಲ್ಲ, ಮುಟ್ಟಲಿಲ್ಲ. ಎಲ್ಲ ನನ್ನ ಕೈಯಿಂದಲೇ ಆಯಿತು.

ಕೊನೆಗೆ ಪ್ರಿಂಟ್ ಅಂಗಡಿಯವರು ಬಣ್ಣಗಳಿಗೆ ಹೆಸರು ಏನು ಹಾಕಲಿ ಅಂದರು. ಪ್ರೋಗ್ರಾಮು ಹೆಸರು ಕೊಡುವುದಿಲ್ಲ, ಒಂದು ಎರಡು ಅನ್ನುತ್ತದೆ ಅಷ್ಟೇ. ಪಕ್ಕದಲ್ಲೇ ನಿಂತಿದ್ದ ಸೆಕ್ರೆಟರಿ, “ಎಲ್ಲರಿಗೂ ತಿಳಿಯೋ ಹಾಗೆ ಹಾಕ್ರಪ್ಪ. ನೀಲಿಗೆ ಇದ್ದೋರು, ಇನ್ನೊಂದಕ್ಕೆ ಬಂದೋರು” ಅಂದರು. ನೀಲಿಯೇ ಯಾಕೆ ಇದ್ದೋರದ್ದು ಅಂತ ನಾನು ಕೇಳಿದೆನಾ? ಇಲ್ಲ. ಸೆಕ್ರೆಟರಿಯವರದ್ದು ನೀಲಿ ಜಾಸ್ತಿ ಇತ್ತು, ಅದಕ್ಕೇ ನೀಲಿ ಇದ್ದೋರದ್ದಾಯಿತು. ಅದಕ್ಕಿಂತ ದೊಡ್ಡ ವಿಜ್ಞಾನ ಅದರಲ್ಲಿ ಏನೂ ಇರಲಿಲ್ಲ.

ಭಾನುವಾರ ಹಾಲಿನಲ್ಲಿ ಪಟ್ಟಿ ತೂಗುಹಾಕಿದರು. ಮೊದಲ ಅರ್ಧ ಗಂಟೆ ಸಂತೆಯ ಹಾಗಿತ್ತು, ನೀನೂ ಇದ್ದೆ. ತಮ್ಮ ತಮ್ಮ ಮನೆ ಹುಡುಕಿ ಬೆರಳಿಟ್ಟು, “ಏ ನೋಡಿಲ್ಲಿ, ನಾನು ನಿನಗಿಂತ ಎರಡು ಜಾಸ್ತಿ” ಅಂತ ಬೀಗುತ್ತಿದ್ದರು. ಇಸ್ತ್ರಿ ಅಜ್ಜ ಎಲ್ಲರಿಗಿಂತ ಮೊದಲಲ್ಲಿ ತನ್ನ ನಂಬರು ನೋಡಿ ಕೂತುಬಿಟ್ಟ. ಆಮೇಲೆ ಸೆಕ್ರೆಟರಿ ಮೇಜಿನ ಮೇಲೆ ಹತ್ತಿ ಹೊಸ ಕಟ್ಟಡದ ವಿಷಯ ತೆಗೆದರು. ಕೆಡವಲಿರುವ ಓಣಿಗೆ ಬದಲಾಗಿ ಪಕ್ಕದಲ್ಲೇ ಕಟ್ಟುತ್ತಿರುವ ಕಟ್ಟಡದಲ್ಲಿ ಬರುವುದು ಐವತ್ತೆಂಟೇ ಮನೆ. ಎಂಬತ್ತೊಂಬತ್ತು ಜನಕ್ಕೆ ಸಾಲುವುದಿಲ್ಲ. ಮೂಲದವರಿಗೆ ಮೊದಲು ಅಂತ ಇಲಾಖೆಯ ನಿಯಮವಿದೆ, ಯಾರು ಮೂಲದವರು ಅಂತ ಸಂಘವೇ ಪಟ್ಟಿ ಕೊಡಬೇಕು, ಇಷ್ಟು ದಿನ ಅದಕ್ಕೆ ಆಧಾರ ಇರಲಿಲ್ಲ, ಈಗ ನಮ್ಮ ಮಗು ವಿಜ್ಞಾನದಿಂದಲೇ ತೋರಿಸಿಕೊಟ್ಟಿದೆ ಅಂದರು. ಜೇಬಿನಿಂದ ದಪ್ಪ ಪೆನ್ನು ತೆಗೆದರು. ಎಡದಿಂದ ಒಂದು, ಎರಡು ಅಂತ ಗಟ್ಟಿಯಾಗಿ ಎಣಿಸುತ್ತ ಹೋಗಿ ಐವತ್ತೆಂಟನೆಯ ಪಟ್ಟಿ ಆದ ಮೇಲೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದರು.

ಅಷ್ಟೇ ಅಕ್ಕಾ. ಗೆರೆ ಅಲ್ಲಿ ಬೀಳಲು ರಕ್ತದಲ್ಲಿ ಯಾವ ಕಾರಣವೂ ಇರಲಿಲ್ಲ. ಕಟ್ಟಡದಲ್ಲಿ ಐವತ್ತೆಂಟು ಬಾಗಿಲಿದ್ದವು, ಅದಕ್ಕೆ ಗೆರೆ ಅಲ್ಲಿ ಬಿತ್ತು. ನೂರು ಬಾಗಿಲಿದ್ದಿದ್ದರೆ ಎಲ್ಲರೂ ಇದ್ದೋರೇ. ಅವರು ಪೆನ್ನು ತೆಗೆಯುವ ತನಕ ನನಗೆ ಇದರ ಸುಳಿವೂ ಇರಲಿಲ್ಲ.

ಗೆರೆಯ ಆಚೆ ಮೊದಲನೆಯ ಪಟ್ಟಿ ನಿನ್ನದು. ನಲವತ್ತೆಂಟು ಚಿಲ್ಲರೆ. ಇಲ್ಲಿ ಆಚೆ ಈಚೆ ಒಂದೆರಡು ಅನ್ನುವುದು ಲೆಕ್ಕಕ್ಕೇ ಇಲ್ಲ, ಅದು ಅಳತೆಯೊಳಗಿನ ಅಲ್ಲಾಟ. ನಿಮ್ಮಣ್ಣನದು ಮೂವತ್ತೊಂದನೆಯದು, ಐವತ್ತಮೂರು. ಒಂದೇ ಅಮ್ಮ, ಒಂದೇ ಅಪ್ಪ! ಅಮ್ಮನ ಅರ್ಧ, ಅಪ್ಪನ ಅರ್ಧ ಅಂತ ಬಂದರೂ ಯಾವ ಅರ್ಧ ಯಾರಿಗೆ ಅನ್ನುವುದು ಪ್ರತಿ ಹೆರಿಗೆಗೂ ಬೇರೆ, ಒಡಹುಟ್ಟಿದವರಲ್ಲೂ ಹೀಗೆ ಹೆಚ್ಚು ಕಮ್ಮಿ ಬರುವುದು ಸಹಜ. ಅದನ್ನು ಎದ್ದು ಹೇಳಲು ಬಾಯಿ ತೆರೆದೆ. ನಿಮ್ಮಣ್ಣ ನನಗಿಂತ ಮೊದಲು ಎದ್ದರು. ನಿನ್ನ ಪರವಾಗಿ ಮಾತಾಡುತ್ತಾರೆ ಅಂತ ನಾನು ಕೂತೆ. ಅವರು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಹೋದರು. ನೀನು ಪಟ್ಟಿಯನ್ನಲ್ಲ, ನನ್ನನ್ನು ನೋಡಿದೆ.

ಆಮೇಲಿನದು ನಿನ್ನ ಮೈಮೇಲೇ ಆದದ್ದು. ಐವತ್ತೆಂಟು ಬಾಗಿಲಿಗೆ ಹಸಿರು ಸ್ಟಿಕ್ಕರು, ಮಿಕ್ಕ ಬಾಗಿಲು ಬೋಳು. ನಲ್ಲಿಯ ಸರದಿ ಬದಲಾಯಿತು. ನಿನ್ನ ಹತ್ತಿರ ಹೊಲಿಯಲು ಕೊಟ್ಟ ಬಟ್ಟೆಯನ್ನು ಅರ್ಧಂಬರ್ಧ ಹೊಲಿದಿದ್ದ ಹಾಗೆಯೇ ವಾಪಸ್ಸು ಕೇಳಿಕೊಂಡು ಹೋದರು. ಹದಿನೈದು ದಿನದಲ್ಲಿ ಜಾಗ ಖಾಲಿ ಮಾಡಿ ಅಂತ ಚೀಟಿ ಬಂತು. ಶೆಡ್ಡಿಗೆ ಹೋದ ಮೂರನೇ ದಿನ ಭಾವ ನಿನ್ನ ಹೊಲಿಗೆ ಮಿಷನ್ನಿನ ಮೇಜು ತರಲು ವಾಪಸ್ಸು ಬಂದಾಗ ಮೆಟ್ಟಿಲ ಮೇಲೆ ಮೂರು ಜನ ಅಡ್ಡಗಟ್ಟಿದರು. ಇಸ್ತ್ರಿ ಅಜ್ಜನ ಮೊಮ್ಮಗನೂ ಅದರಲ್ಲಿದ್ದ. ಮೂರು ತಲೆಮಾರು ಬಂದೋರು ಅನ್ನಿಸಿಕೊಂಡ ಮನೆಯ ಹುಡುಗ, “ನಮ್ದು ಎಪ್ಪತ್ತೊಂದು, ಇಳಿಯೋ ಕೆಳಗೆ” ಅಂದನಂತೆ. ಭಾವನ ಬಲಗೈ ಎರಡು ಕಡೆ ಮುರಿಯಿತು. ಲಿಫ್ಟ್ ರಿಪೇರಿ ಕೆಲಸದಲ್ಲಿ ಲಿಫ್ಟಿನ ಬಾವಿಯೊಳಗೆ ಒಂದೇ ಕೈಯಲ್ಲಿ ನೇತಾಡಿಕೊಂಡು ಹಗ್ಗ ಬಿಗಿಯುತ್ತಿದ್ದವರು. ಈಗ ಅಂಗಿಯ ಗುಂಡಿಯನ್ನೂ ನೀನೇ ಹಾಕುತ್ತೀಯ ಅಂತ ಮೇಡಂ ಹೇಳಿದರು.

ಇನ್ನೊಂದು ವಿಷಯ ನಿನಗೆ ಗೊತ್ತಿರಲಾರದು, ಗೊತ್ತಾಗದೆ ಇದ್ದಿದ್ದರೆ ಒಳ್ಳೆಯದಿತ್ತು. ಓಣಿಯ ಮಕ್ಕಳು ಆಟದಲ್ಲಿ ಹೊಸ ಬೈಗುಳ ಕಲಿತಿದ್ದಾರೆ. ಸೋತವರನ್ನು “ಹೋಗಲೇ ಐವತ್ತೊಂಬತ್ತು” ಅನ್ನುತ್ತಾರೆ. ಹಾಗೆಂದರೆ ಏನು ಅಂತ ಅವಕ್ಕೆ ಗೊತ್ತಿಲ್ಲ. ನಿನ್ನ ಮನೆ ಅದು.

ಮೇಡಂಗೆ ಎಲ್ಲ ತಿಳಿದದ್ದು ಭಾವ ಆಸ್ಪತ್ರೆ ಸೇರಿದ ಮೇಲೆ. ನನ್ನನ್ನು ಕರೆದು ಬಾಗಿಲು ಹಾಕಿದರು. ಕಿರುಚುತ್ತಾರೆ ಅಂದುಕೊಂಡಿದ್ದೆ. “ನಿಂಗೆ ಬೀರು ಕೀ ಕೊಟ್ಟಿದ್ದು ಮುಚ್ಚಿಡೋಕೆ ಕಣೇ” ಅಂದರು, ಆಮೇಲೆ ಅತ್ತರು. ಐವತ್ತು ದಾಟಿದ ಹೆಂಗಸು ನನ್ನೆದುರು ಅಳುವುದನ್ನು ನೋಡಿ ನಾನು ಏನೇನೋ ಮಾತಾಡಿದೆ. ಒಳ್ಳೇದಕ್ಕೇ ಮಾಡಿದೆ ಮೇಡಂ, ಎಲ್ಲರೂ ಬೆರೆತವರೇ ಅಂತ ತೋರಿಸೋಣ ಅಂತ ಮಾಡಿದೆ ಅಂದೆ. ಅವರು ಮೂಗು ಒರೆಸಿಕೊಂಡು, “ಬೆರೆತಿದಾರೆ ಅಂತ ತೋರ್ಸೋಕೆ ನೀನು ಮೊದಲು ಅವರನ್ನ ಎರಡು ಮಾಡಬೇಕಾಯ್ತಲ್ಲೇ” ಅಂದರು. ನೀಲಿ ಕಿತ್ತಳೆ ಅಂತ ನಾನು ಬೇರೆ ಮಾಡುವ ತನಕ ಬೆರೆಯಲು ಅಲ್ಲಿ ಎರಡು ಇರಲೇ ಇಲ್ಲ.

ನಾನು ಈಗ ಮೊದಲಿನ ಲ್ಯಾಬಿನಲ್ಲೇ ಟ್ಯೂಬಿಗೆ ಚೀಟಿ ಅಂಟಿಸುತ್ತಿದ್ದೇನೆ. ಮೇಡಂ ಕೆಲಸವನ್ನು ವಿಶ್ವವಿದ್ಯಾಲಯ ನಿಲ್ಲಿಸಿದೆ, ಅವರ ಮೇಲೂ ವಿಚಾರಣೆ. ಗ್ರೂಪು ಬಿಟ್ಟೆ. ಬಿಡುವ ಮೊದಲು ನಡೆದದ್ದನ್ನೆಲ್ಲ ಅಲ್ಲಿ ಬರೆದು ಹಾಕಿದ್ದೆ. ಒಬ್ಬ, “ಆ ಪಟ್ಟಿ ಇದ್ದರೆ ಹಾಕಿ, ನೋಡೋಣ” ಅಂದ. ಮುನ್ನೂರು ಜನ ಅದಕ್ಕೆ ಲೈಕ್ ಒತ್ತಿದ್ದರು.

ಶುಕ್ರವಾರ ಏನಾಗಬೇಕು ಅಂತ ಮೇಡಂ ಜೊತೆ ಕೂತು ಬರೆದುಕೊಂಡಿದ್ದೇನೆ. ಮೊದಲು ನೀನು ಎದ್ದು ನಿನ್ನ ಅರ್ಜಿ ಇದು ಅನ್ನಬೇಕು. ನೀನು ಆಡಬೇಕಾದದ್ದು ಅಷ್ಟೇ ಮಾತು. ಆಮೇಲೆ ಮೇಡಂ ಆರು ಪಟ್ಟಿಯನ್ನೂ ತೋರಿಸುತ್ತಾರೆ. ಮೂರು ಗುಂಪು ಮಾಡಿದರೆ ಸೆಕ್ರೆಟರಿಯೂ ನೀನೂ ಒಂದೇ ಬಣ್ಣದವರು, ಐದು ಮಾಡಿದರೆ ನಿಮ್ಮಣ್ಣ ಇಸ್ತ್ರಿ ಅಜ್ಜನ ಪಕ್ಕ. ಯಾವುದೂ ಸುಳ್ಳಲ್ಲ, ಯಾವುದರಿಂದಲೂ ಮನೆ ಹಂಚಲು ಬರುವುದಿಲ್ಲ. ಕೊನೆಗೆ ನಾನು ಎದ್ದು, ಎರಡು ಅಂತ ಟೈಪ್ ಮಾಡಿದವಳು ನಾನು, ಸಾಲಾಗಿ ಜೋಡಿಸಿದವಳು ನಾನು, ಪುಸ್ತಕ ತೆರೆದವಳು ನಾನು ಅಂತ ಒಪ್ಪಿಕೊಳ್ಳುತ್ತೇನೆ. ಒಪ್ಪಿಕೊಂಡರೆ ಕೇಸಾಗುತ್ತದೆ ಅಂತ ವಕೀಲರು ಹೇಳಿದರು. ಆಗಲಿ.

ನಾನು ಹೇಳಿಕೆ ಕೊಡುತ್ತೇನೆ ಅಂತ ಗೊತ್ತಾದಾಗ ಅಪ್ಪ ಊಟದ ತಟ್ಟೆ ಸರಿಸಿದರು. “ನಮಗೆ ಸಿಕ್ಕಿದೆ ತಾನೇ? ಬಾಯಿ ಹೊಲ್ಕೊಂಡು ಕೂತ್ಕೋ” ಅಂದರು. ಕಾರ್ಖಾನೆಯ ಒಣಗಿಸುವ ಕೋಣೆಯಲ್ಲಿ ಮೂವತ್ತು ವರ್ಷ ಆ ಬಣ್ಣದ ಪುಡಿ ಉಸಿರಾಡಿದವರು. ಅಷ್ಟು ಮಾತಾಡುವುದರೊಳಗೆ ಎರಡು ಸಲ ನಿಂತು ಉಸಿರು ತೆಗೆದುಕೊಂಡರು.

ನೀನು ನನ್ನ ಪಕ್ಕ ಕೂರಬೇಡ. ನನ್ನ ಕಡೆ ನೋಡಲೂಬೇಡ. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿರುತ್ತೇನೆ, ನೀನು ಮುಂದೆ ಕೂತುಕೋ. ನಾನು ಮಾತಾಡುವಾಗ ಎದ್ದು ಹೊರಗೆ ಹೋಗಬೇಕು ಅನ್ನಿಸಿದರೆ ಹೋಗು. ಆದರೆ ಹೆಸರು ಕೂಗಿದಾಗ ನೀನು ಅಲ್ಲಿ ಇರಬೇಕು. ಓಣಿಯವರನ್ನು ಅವತ್ತು ಹಾಲಿಗೆ ಕರೆದು ತಂದವಳು ನೀನು ಅಂತ ನಿನಗೇ ನಾಚಿಕೆ ಇದೆ, ಅದಕ್ಕೇ ಬರುವುದಿಲ್ಲ ಅನ್ನುತ್ತೀಯ, ನನಗೆ ಗೊತ್ತು. ಆ ನಾಚಿಕೆ ನಿನ್ನದಲ್ಲ. ಅದನ್ನು ನನಗೆ ಕೊಟ್ಟುಬಿಡು.

ಊಟದ ಬಿಡುವು ಮುಗಿದು ಅರ್ಧ ಗಂಟೆಯಾಯಿತು. ಮೇಡಂ ಗೇಟಿನ ಹತ್ತಿರ ನಿಂತು ವಾಚು ನೋಡುತ್ತಿದ್ದಾರೆ.

ನಿನ್ನ ಎದುರು ಮನೆಯವಳು,
ಪಿಟೀಲು

ಬರೆದ ಮೇಲೆ:

ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಸೆಕ್ರೆಟರಿ ಪೆನ್ನು ತೆಗೆಯುವ ತನಕ ನನಗೆ ಸುಳಿವಿರಲಿಲ್ಲ ಅಂದೆನಲ್ಲ, ಇತ್ತು. ಗುರುವಾರವೇ ಹೇಳಿದ್ದರು, ಐವತ್ತೆಂಟರ ತನಕ ಎಣಿಸ್ತೀನಿ ಅಂತ. ನಾನು ಮನೆಗೆ ಬಂದು ಸಾಲು ನೋಡಿದೆ. ಐವತ್ತೊಂಬತ್ತನೆಯದು ನಮ್ಮ ಮನೆ.

ಆ ಪ್ರೋಗ್ರಾಮನ್ನು ಪ್ರತಿ ಸಲ ಹೊಸದಾಗಿ ಓಡಿಸಿದಾಗ ಕೊನೆಯ ಅಂಕಿಗಳು ಕೂದಲೆಳೆಯಷ್ಟು ಅಲ್ಲಾಡುತ್ತವೆ. ಮಿಕ್ಕವರಿಗೆ ಅದರಿಂದ ಏನೂ ಆಗುವುದಿಲ್ಲ, ಗೆರೆಯ ಪಕ್ಕದಲ್ಲಿ ಇರುವವರಿಗೆ ಆಗುತ್ತದೆ. ತಗಡಿನ ಶೆಡ್ಡಿನ ಧೂಳಿನಲ್ಲಿ ಅಪ್ಪ ಒಂದು ಬೇಸಿಗೆ ಕಳೆಯುವುದಿಲ್ಲ ಅಂತ ಡಾಕ್ಟರು ಅಂದಿದ್ದರು. ಶುಕ್ರವಾರ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಮತ್ತೆ ಓಡಿಸಿದೆ. ಮತ್ತೆ ಓಡಿಸಿದೆ. ಐದನೇ ಸಲ ಅಪ್ಪನ ಪಟ್ಟಿ ಒಂದು ಹೆಜ್ಜೆ ಎಡಕ್ಕೆ ಬಂತು. ಅದನ್ನೇ ಪ್ರಿಂಟಿಗೆ ಕೊಟ್ಟೆ. ಯಾರ ಮನೆ ಬಲಕ್ಕೆ ಹೋಯಿತು ಅಂತ ನೋಡಿಯೇ ಕೊಟ್ಟೆ.

ಐದೂ ಫೈಲು ಈ ಲಕೋಟೆಯಲ್ಲಿರುವ ಪೆನ್ ಡ್ರೈವಿನಲ್ಲಿವೆ, ತಾರೀಖು ಗಂಟೆ ಸಮೇತ. ಮೇಡಂಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ. ಶುಕ್ರವಾರ ಇದನ್ನು ಅಧಿಕಾರಿಯ ಮೇಜಿನ ಮೇಲೆ ನೀನೇ ಇಡಬೇಕು. ಪಟ್ಟಿ ಪೂರ್ತಿ ರದ್ದಾಗದೆ ಹೋದರೂ ಇಷ್ಟಾದರೂ ಆಗುತ್ತದೆ. ನಾವು ಆಚೆ, ನೀವು ಈಚೆ. ಮೊದಲ ನಾಲ್ಕು ಸಲವೂ ಐವತ್ತೆಂಟನೆಯ ಮನೆ ನಿನ್ನದೇ ಆಗಿತ್ತು.